ಮುಂಬಯಿ ವಿಶ್ವವಿದ್ಯಾನಿಲಯ ಮತ್ತು ಕನ್ನಡ: ಸಂಖ್ಯೆಯ ಪ್ರಶ್ನೆ

ವಿದ್ಯಾರ್ಥಿಗಳು ವಿರಳವಾದ ಪದವಿ ತರಗತಿಯನ್ನು ಸಾರ್ವಜನಿಕ ಧನದಿಂದ ನಡೆಯುವ ವಿಶ್ವವಿದ್ಯಾನಿಲಯವು ಉಳಿಸಬೇಕೆ, ನಿಲ್ಲಿಸಬೇಕೆ ಎಂಬ ಪ್ರಶ್ನೆ ಇಂದು ಎಲ್ಲೆಡೆ ಎದ್ದಿದೆ. ಮುಂಬಯಿಯ ಕನ್ನಡದ ಇತಿಹಾಸವು ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತದೆ.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯವು ಮೊದಮೊದಲು ಮರಾಠಿ, ಗುಜರಾತಿಗಳೊಡನೆ ಕನ್ನಡಕ್ಕೂ ತನ್ನ ಪರೀಕ್ಷೆಗಳಲ್ಲಿ ಎಡೆಗೊಟ್ಟಿತ್ತು. 1860ರ ದಶಕದಲ್ಲಿ ದೇಶಭಾಷೆಗಳನ್ನು ಪದವಿ ಪರೀಕ್ಷೆಗಳಿಂದ ಹೊರಗಿಡಲಾಯಿತು. ಅವುಗಳಲ್ಲಿ ಉನ್ನತ ವ್ಯಾಸಂಗಕ್ಕೆ ತಕ್ಕ ಗ್ರಂಥಸಂಪತ್ತಿಲ್ಲವೆಂಬುದು ಅಂದಿನ ವಾದ. ಆದರೆ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು (1890). ಮಂಗಳೂರಿನಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು (1894). ನ್ಯಾಯಮೂರ್ತಿ ರಾನಡೆಯವರು 1898ರಲ್ಲಿ ಮರಾಠಿ ಗ್ರಂಥಗಳ ಬೆಳವಣಿಗೆಯನ್ನು ಲೆಕ್ಕವಿಟ್ಟು ತೋರಿಸಿದರು. ಅವರ ದೀರ್ಘ ಪ್ರಯತ್ನದ ಫಲವಾಗಿ, ಅವರು ಗತಿಸಿದ 1901ರ ಹೊತ್ತಿಗೆ, ಎಂ.ಎ. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಮತ್ತೆ ಪ್ರವೇಶ ದೊರೆಯಿತು.

ಎರಡನೆಯ ಪೆಟ್ಟು ಭೂಪಟದಿಂದ ಬಂದಿತು. 1949ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾನಿಲಯವು ಬೇರೆಯಾಯಿತು. 1956ರಲ್ಲಿ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟವು. ಅಲ್ಲಿಂದ ಮುಂಬಯಿಯಲ್ಲಿ ಕನ್ನಡವು ವಲಸೆಗಾರರ ಭಾಷೆಯಾಗಿ ಉಳಿಯಿತು. ಹೋಟೆಲಿನಲ್ಲಿ ಹಗಲು ದುಡಿದವರು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿದರು. ಕೊನೆಗೆ 1970ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವು ಆರಂಭವಾಯಿತು. ಶ್ರೀನಿವಾಸ ಹಾವನೂರರಂಥ ಸಂಶೋಧಕರು ಅಲ್ಲಿ ದುಡಿದರು.

ಇದೇ ಕಾಲಕ್ಕೆ ನಗರವೂ ಖಾಡಿಯನ್ನು ದಾಟಿತು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ತರುವಾಯ ನವಿಮುಂಬಯಿ ಬೆಳೆಯಿತು. ಸಗಟು ಮಾರುಕಟ್ಟೆಗಳು ತುರ್ಭೆ-ವಾಶಿಗೆ ಬಂದವು. ಠಾಣೆ, ಡೊಂಬಿವಲಿ, ಕಲ್ಯಾಣ, ತುರ್ಭೆಗಳಲ್ಲಿ ನೆಲೆಸಿದ ಮನೆಗಳ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಶಾಲೆಗಳನ್ನು ಸೇರಿದರು. ಕನ್ನಡ ಶಾಲೆ ಸೊರಗಿದರೆ ಕಾಲೇಜಿನ ಕನ್ನಡ ಸೊರಗುತ್ತದೆ. ಕಾಲೇಜು ಬರಿದಾದರೆ ಎಂ.ಎ. ತರಗತಿಗೆ ಬರುವವರು ಯಾರು? ಕೆಳಗಿನ ಮೆಟ್ಟಿಲುಗಳು ಕಳಚಿದ ಮೇಲೆ ಮಹಡಿಯಲ್ಲಿ ಜನರಿಲ್ಲವೆಂದು ಮಹಡಿಯನ್ನು ದೂರುವುದು ನ್ಯಾಯವಲ್ಲ.

ಆದರೆ ಬರಿದಾದ ತರಗತಿಯನ್ನು ಅಭಿಮಾನವೊಂದರಿಂದಲೇ ಸಮರ್ಥಿಸಲಾಗದು, ವೆಚ್ಚವು ತೆರಿಗೆದಾರರದು. ಆದುದರಿಂದ ನಿರ್ಣಯಕ್ಕೆ ಮುನ್ನ ಎಣಿಕೆಯ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈ ಪೀಠ ಮುಚ್ಚಿದರೆ ಅದರ ಕೆಲಸವನ್ನು ಇಲ್ಲಿ ಮಾಡುವವರು ಯಾರು? ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳಿವೆ. ಮಹಾರಾಷ್ಟ್ರದ ಪ್ರಾಚೀನ ಇತಿಹಾಸವನ್ನು ಬರೆಯುವವನಿಗೆ ಕನ್ನಡ ಬೇಕೇ ಬೇಕು. ಶಂಬಾ ಜೋಶಿಯವರು ಮರಾಠಿ ಸಂಸ್ಕೃತಿಯ ಮೂಲವನ್ನು ಅರಸುತ್ತ ಕನ್ನಡಕ್ಕೆ ಬಂದುದು ಇದಕ್ಕೆ ಸಾಕ್ಷಿ. ಇಂಥ ಪೀಠವು ವಲಸಿಗರ ಸೊತ್ತು ಮಾತ್ರವಲ್ಲ, ಆಶ್ರಯವಿತ್ತ ನಾಡಿನ ಸೊತ್ತೂ ಹೌದು.

ವಿಶ್ವವಿದ್ಯಾನಿಲಯವು ಪೀಠವನ್ನು ಕಾಯಬಹುದು. ವಿದ್ಯಾರ್ಥಿಗಳನ್ನು ಒದಗಿಸುವ ಹೊಣೆ ತುರ್ಭೆ, ಡೊಂಬಿವಲಿಗಳ ಮನೆಗಳದೂ ಸಂಘಗಳದೂ ಆಗಿದೆ. ಒಂದು ಬಾರಿ ಮುಚ್ಚಿದ ಬಾಗಿಲನ್ನು ತೆರೆಯಲು ಹಿಂದೆ ಸುಮಾರು ನಾಲ್ಕು ದಶಕಗಳು ಹಿಡಿದುವೆಂಬುದನ್ನು ಮರೆಯಲಾಗದು.