ಕೇರೆ ಗಂಡು, ನಾಗರ ಹೆಣ್ಣು: ಒಂದು ನಂಬಿಕೆಯ ಚರಿತ್ರೆ



ಹೊಗೆನಕಲ್ಲಿನ ಈಚೆ ದಡದಲ್ಲಿ ಪೆನ್ನಾಗರದ ಕಡೆಯವರು, ಆಚೆ ದಡದಲ್ಲಿ ಆಲಂಬಾಡಿ, ಗೋಪಿನಾಥಂ ಕಡೆಯವರು. 1956ರವರೆಗೆ ಆಚೆಯ ಕೊಳ್ಳೇಗಾಲವೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯೊಳಗೇ ಇತ್ತು. ಈಚೆಯ ಧರ್ಮಪುರಿ 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾಯಿತು. ಗಡಿಯ ಗೆರೆ ಹೀಗೆ ಅತ್ತಿತ್ತ ಸರಿದರೂ ಎರಡು ದಡದವರೂ ಬಿಡದೆ ಹಿಡಿದುಕೊಂಡು ಬಂದ ಒಂದು ಮಾತುಂಟು. ಕೇರೆ ಹಾವು ಗಂಡು, ನಾಗರಹಾವು ಹೆಣ್ಣು. ಎರಡೂ ಕೂಡಿ ಮರಿ ಮಾಡುತ್ತವೆ. ತಮಿಳಿನಲ್ಲಿಯೂ ಅದೇ ಮಾತು: ಸಾರೈ ಗಂಡು, ನಲ್ಲ ಪಾಂಬು ಹೆಣ್ಣು. ಬಣ್ಣವೋ ಪಟ್ಟೆಯೋ ಸ್ವಲ್ಪ ಬೇರೆಯಾದ ಹಾವು ಕಂಡಿತೆಂದರೆ, 'ಇದು ಬೆರಕೆ' ಎಂದು ಯಾರಾದರೊಬ್ಬರು ತೀರ್ಪು ಕೊಟ್ಟೇಬಿಡುತ್ತಾರೆ.

ಮೊದಲು ಹೆಸರುಗಳನ್ನು ನೋಡೋಣ. ಕನ್ನಡದ ಕಿವಿ ತಮಿಳಿನಲ್ಲಿ ಸೆವಿ. ನಮ್ಮ ಕೇರಿ ಅಲ್ಲಿ ಸೇರಿ. ಅದೇ ದಾರಿಯಲ್ಲಿ ನಮ್ಮ ಕೇರೆ ಮಲಯಾಳದಲ್ಲಿ ಚೇರ, ತಮಿಳಿನಲ್ಲಿ ಸಾರೈ. ಒಂದೇ ಹಳೆಯ ಮಾತು, ಒಂದೇ ಹಾವು. ಇಲ್ಲಿ ತಕರಾರಿಲ್ಲ. ತಕರಾರು ಇರುವುದು ಇನ್ನೊಂದು ಹೆಸರಿನಲ್ಲಿ. ತಮಿಳರು ನಾಗರಹಾವನ್ನು 'ನಲ್ಲ ಪಾಂಬು', ಅಂದರೆ ಒಳ್ಳೆಯ ಹಾವು ಎಂದು ಗೌರವದಿಂದ ಕರೆಯುತ್ತಾರೆ. ಕನ್ನಡದಲ್ಲಿ 'ಒಳ್ಳೆ ಹಾವು' ಎಂದರೆ ಗದ್ದೆಯಲ್ಲಿ, ಕೆರೆಯಲ್ಲಿ ಮೀನು ಕಪ್ಪೆ ಹಿಡಿಯುವ, ವಿಷವಿಲ್ಲದ ನೀರೊಳ್ಳೆ! ಎರಡು ಭಾಷೆಯ ಮನೆಯಲ್ಲಿ ಅಜ್ಜಿ ಒಂದು ಭಾಷೆಯಲ್ಲಿ ಹೇಳಿ ಮೊಮ್ಮಗ ಇನ್ನೊಂದರಲ್ಲಿ ಕೇಳಿಸಿಕೊಂಡರೆ ಏನಾಗಬಹುದೆಂದು ನೀವೇ ಯೋಚಿಸಿ.

ಇನ್ನು ಕೂಡಿಕೆಯ ಕತೆ. ಎರಡು ಉದ್ದನೆಯ ಹಾವುಗಳು ಹಗ್ಗ ಹೊಸೆದಂತೆ ಸುತ್ತಿಕೊಂಡು, ಅರ್ಧ ಮೈ ಮೇಲೆತ್ತಿ ಆಡುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಅದರ ಮೇಲೆ ಬಿಳಿಯ ಬಟ್ಟೆ ಹಾಕಿ, ಆಮೇಲೆ ಅದನ್ನು ತೆಗೆದಿಟ್ಟುಕೊಂಡರೆ ಮನೆಗೆ ಶುಭ ಎನ್ನುವವರೂ ಇದ್ದಾರೆ. ನಿಜದಲ್ಲಿ ಅದು ಕೂಡಿಕೆಯೇ ಅಲ್ಲ, ಕುಸ್ತಿ. ಆಡುವ ಎರಡೂ ಗಂಡು ಕೇರೆಗಳೇ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ. ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ಗಂಡು ಹೆಣ್ಣು ಕೂಡುವಾಗ ಇಷ್ಟು ಅಬ್ಬರವಿಲ್ಲ. ಮೈಗೆ ಮೈ ತಾಗಿಸಿ ಬಾಲದ ಬಳಿ ಸೇರಿಕೊಂಡಿರುತ್ತವೆ. ಕೇರೆಗಳಲ್ಲಿ ಒಂದು ಹಳದಿ, ಇನ್ನೊಂದು ಕಪ್ಪಗೆ ಇರುವುದು ಸಾಮಾನ್ಯ. ದೂರದಿಂದ ನೋಡಿದವರು ಕಪ್ಪಗಿರುವುದನ್ನು ನಾಗರ ಎಂದುಕೊಂಡರು. ನಂಬಿಕೆ ಬೆಳೆಯಲು ಅಷ್ಟು ಸಾಲದೆ? ಇದನ್ನು ಕಟ್ಟಿದವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಅವರು ಕಂಡದ್ದು ನಿಜ, ಅರ್ಥ ಮಾಡಿದ್ದು ಮಾತ್ರ ಬೇರೆ.

ನಾಗರದಲ್ಲಿಯೂ ಬಣ್ಣ ಒಂದೇ ಅಲ್ಲ. ಗೋಧಿ ನಾಗರ, ಕರಿನಾಗರ ಎಂದು ನಾವೇ ವಿಂಗಡಿಸುತ್ತೇವೆ. ಹೆಡೆಯ ಹಿಂದಿನ ಕನ್ನಡಕದಂಥ ಗುರುತು ಕೆಲವದರಲ್ಲಿ ಅಚ್ಚುಕಟ್ಟಾಗಿ, ಕೆಲವದರಲ್ಲಿ ಅರ್ಧಂಬರ್ಧ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಇವೆಲ್ಲ ಒಂದೇ ಜಾತಿ. ಬಂಗಾಳದ ಕಡೆ ಹೆಡೆಯ ಮೇಲೆ ಒಂದೇ ಬಳೆಯಂಥ ಗುರುತಿರುವ ನಾಗರವಿದೆ. ಅದನ್ನು ಬಹುಕಾಲ ನಮ್ಮ ನಾಗರದ್ದೇ ಒಂದು ಬಗೆ ಎಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು; 1990ರ ದಶಕದಲ್ಲಿ ಅದು ಬೇರೆಯೇ ಜಾತಿಯೆಂದು ಒಪ್ಪಿಗೆಯಾಯಿತು. ಅಂದರೆ ಪಂಡಿತರಿಗೂ ಹೆಡೆಯ ಗುರುತು ಬಹಳ ದಿನ ಮೋಸ ಮಾಡಿತು.

ಹಾವನ್ನು ಚಿತ್ರ ಬರೆಸಿ ವಿಂಗಡಿಸುವ ಕೆಲಸ ನಮ್ಮ ಕಡೆ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರು ಕೋರಮಂಡಲ ಕರಾವಳಿಯ ಹಾವುಗಳ ಗ್ರಂಥವನ್ನು 1796ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ಕೊಳಕುಮಂಡಲ, ತಮಿಳಿನ ಕಣ್ಣಾಡಿ ವಿರಿಯನ್, ಅವರ ಪುಸ್ತಕದಲ್ಲಿ ತೆಲುಗಿನ 'ಕಾಟುಕ ರೇಕುಲ ಪೊಡ' ಎಂಬ ಹೆಸರಿನಿಂದ ಬಂದಿದೆ. ಮರುವರ್ಷವೇ ಅದಕ್ಕೆ ರಸೆಲ್ಲರ ಹೆಸರು ಅಂಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾಂಕ್ ವಾಲ್ ಎಂಬ ಸೇನಾ ವೈದ್ಯರು ಬಣ್ಣ ಬಿಟ್ಟು ಹುರುಪೆ ನೋಡಿ ಎಂದು ಕಲಿಸಿದರು. ನಾಗರದಲ್ಲಿ ಮೇಲ್ದುಟಿಯ ಮೂರನೆಯ ಹುರುಪೆ ಒಂದು ಕಡೆ ಕಣ್ಣನ್ನೂ ಇನ್ನೊಂದು ಕಡೆ ಮೂಗಿನ ಹುರುಪೆಯನ್ನೂ ಮುಟ್ಟುತ್ತದೆ. ಕೇರೆಯಲ್ಲಿ ನಡುವೆ ಬೇರೆ ಸಣ್ಣ ಹುರುಪೆಗಳು ಅಡ್ಡ ಬರುತ್ತವೆ. ಸತ್ತ ಹಾವಿನಲ್ಲಿ ಅಥವಾ ಫೋಟೊದಲ್ಲಿ ನೋಡುವ ಲಕ್ಷಣವಿದು, ಬದುಕಿರುವುದರ ಬಳಿ ಬಗ್ಗಿ ನೋಡುವುದಲ್ಲ!

ಹಾಗಾದರೆ ಹಾವಿನಲ್ಲಿ ಬೆರಕೆಯೇ ಇಲ್ಲವೆ? ಇದೆ, ಆದರೆ ಹತ್ತಿರದ ದಾಯಾದಿಗಳ ನಡುವೆ ಮಾತ್ರ. ಕೇರೆ, ನಾಗರ ಎರಡೂ ಬೇರೆ ಬೇರೆ ಕುಟುಂಬ. ಬೇರೆಯಾಗಿ ಕೋಟ್ಯಂತರ ವರ್ಷ ಕಳೆದಿವೆ. ಬೆರಕೆ ಬೇಕಾದರೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ ಹಾವು ಸಾಕುವ ಶೋಕಿ ದೊಡ್ಡದು. ಜೋಳದ ಹಾವು ಎನ್ನುವುದನ್ನು ರಾಜಹಾವು ಎನ್ನುವುದರ ಜೊತೆ ಕೂಡಿಸಿ ಮರಿ ಮಾಡಿ ಮಾರುತ್ತಾರೆ. ಕೊಂಡವರಿಗೆ ಚಿತ್ರ ವಿಚಿತ್ರ ಪಟ್ಟೆಯ ಹಾವು ಸಿಕ್ಕಿದರೆ, ಬೆರಕೆಯೋ, ಬಣ್ಣದ ಕೊರತೆಯೋ, ಮೊಟ್ಟೆಗೆ ಶಾಖ ಹೆಚ್ಚು ಕಡಿಮೆಯಾಗಿ ಪಟ್ಟೆ ಕೆಟ್ಟದ್ದೋ ಎಂಬ ತಕರಾರು ಹುಟ್ಟುತ್ತದೆ. ಮೂರರಲ್ಲಿ ಯಾವುದೂ ಆಗಬಹುದು.

ಇದರಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿಯುಂಟು. ಸಾಕಿದವರ ಕೈ ತಪ್ಪಿದ ಬರ್ಮಾ ಹೆಬ್ಬಾವುಗಳು ಫ್ಲಾರಿಡಾದ ಜೌಗು ಕಾಡಿನಲ್ಲಿ ತುಂಬಿಕೊಂಡವು. ಸುಮಾರು 400 ಹಾವುಗಳ ವಂಶವಾಹಿ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬರ್ಮಾದ್ದೆಂದೇ ಲೆಕ್ಕ ಹಾಕಿದ್ದ ಆ ಹಾವುಗಳಲ್ಲಿ 13ರಲ್ಲಿ ತಾಯಿಯ ಕಡೆಯಿಂದ ಬಂದ ಗುರುತು ನಮ್ಮ ಭಾರತದ ಹೆಬ್ಬಾವಿನದು, ಈ ಕಾವೇರಿ ಕಾಡಿನಲ್ಲಿರುವ ಜಾತಿಯದೇ! ಸಾಮಾನ್ಯವಾಗಿ ಇವೆರಡನ್ನು ಕಣ್ಣಿನ ಕೆಳಗೆ ನೋಡಿ ಬೇರ್ಪಡಿಸುತ್ತಾರೆ. ನಮ್ಮದರಲ್ಲಿ ತುಟಿಯ ಹುರುಪೆ ಕಣ್ಣಿಗೆ ತಾಗುತ್ತದೆ, ಬರ್ಮಾದ್ದರಲ್ಲಿ ನಡುವೆ ಸಣ್ಣ ಹುರುಪೆಗಳ ಸಾಲಿದೆ. ಬೆರಕೆಯಾದ ಮೇಲೆ ಆ ಗುರುತನ್ನೂ ಪೂರ್ತಿ ನಂಬುವಂತಿಲ್ಲ, ರಕ್ತವೇ ಹೇಳಬೇಕು.

ನಮ್ಮಲ್ಲಿ ಕಾಡುಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ. ಅದಕ್ಕೆ ಮೊದಲು ಕೇರೆಯ ತೊಗಲಿಗೆ ಮದ್ರಾಸಿನಲ್ಲಿ ಒಳ್ಳೆಯ ಬೆಲೆಯಿತ್ತು. 1976ರಲ್ಲಿ ರಫ್ತು ನಿಂತಿತು. ಅದನ್ನೇ ನೆಚ್ಚಿದ್ದ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿ, ಹಾವಿನ ವಿಷ ತೆಗೆದು ಔಷಧಿ ತಯಾರಕರಿಗೆ ಕೊಡತೊಡಗಿದರು.

ಆ ವಿಷದಿಂದ ಆಗುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಕಚ್ಚಿದ್ದು 'ಬೆರಕೆ, ವಿಷ ಅರ್ಧವೇ' ಎಂದು ಮಂತ್ರ ಹಾಕಿಸಿ ಕೂತವರಿಗೆ ಅದು ಹೊತ್ತಿಗೆ ದೊರೆಯುವುದಿಲ್ಲ. ವಾರ್ಡಿನಲ್ಲಿ ಡಾಕ್ಟರರು 'ಯಾವ ಹಾವು?' ಎಂದು ಕೇಳುತ್ತಾರೆ. ತಮಿಳು ಡಾಕ್ಟರರ ಮುಂದೆ 'ಒಳ್ಳೆ ಹಾವು' ಎಂದರೆ ಅವರು ಬರೆದುಕೊಳ್ಳುವುದು ನಾಗರ. ಕನ್ನಡ ಡಾಕ್ಟರರ ಮುಂದೆ 'ನಲ್ಲ ಪಾಂಬು' ಎಂದರೆ ಅವರಿಗೆ ಹೊಳೆಯುವುದು ನೀರೊಳ್ಳೆ. ಹೆಸರು ಬಿಟ್ಟು, ಹೆಡೆ ಇತ್ತೇ ಇಲ್ಲವೇ, ಎಷ್ಟು ಹೊತ್ತಿಗೆ ಕಚ್ಚಿತು, ರೆಪ್ಪೆ ಭಾರವಾಗಿದೆಯೇ, ಗಾಯದಿಂದ ರಕ್ತ ನಿಲ್ಲದೆ ಒಸರುತ್ತಿದೆಯೇ, ಇಷ್ಟನ್ನು ಯಾವ ಭಾಷೆಯಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತದೆ.