ನೋವಿನ ನಡುವೆ ನಂಬಿಕೆ: ಒಂದು ಸಮೀಕ್ಷೆ

ಮೂರು ತಿಂಗಳು ಮೀರಿಯೂ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಗುರುತಿಸುತ್ತದೆ. ಇಂಥ ನೋವು ಗಾಯಗೊಂಡ ಅಂಗದ ನೇರ ಪರಿಣಾಮವೆಂಬ ಎಣಿಕೆಯೇ ಬಹುಕಾಲ ನಡೆದುಬಂದಿತ್ತು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತವು, ನೋವಿನ ಸಂಕೇತ ಬೆನ್ನುಹುರಿಯಲ್ಲೇ ಏರಿಳಿಯುತ್ತದೆ, ಮಿದುಳಿನಿಂದ ಇಳಿದುಬರುವ ಪ್ರಭಾವವೂ ಅದನ್ನು ತಗ್ಗಿಸಬಲ್ಲುದು ಎಂದು ವಾದಿಸಿದ ಮೇಲೆ ಮನಸ್ಸಿನ ಪಾತ್ರವನ್ನು ಅಲ್ಲಗಳೆಯುವುದು ಕಷ್ಟವಾಯಿತು. 1977ರಲ್ಲಿ ಆಲ್ಬರ್ಟ್ ಬಂಡೂರ 'ಸ್ವಸಾಮರ್ಥ್ಯ'ದ ಕಲ್ಪನೆಯನ್ನು, ಅಂದರೆ ನಿರ್ದಿಷ್ಟ ಕೆಲಸವೊಂದನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯನ್ನು, ಮುಂದಿಟ್ಟರು.

ಈ ಕಲ್ಪನೆಗೆ ನೋವಿನ ಕ್ಷೇತ್ರದಲ್ಲಿ ನೆಲೆ ದೊರೆತದ್ದು ಒಂದು ಬಗೆಯ ಸೋಲಿನಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಮತ್ತು ಸಹೋದ್ಯೋಗಿಗಳು ಸಂಧಿವಾತದ ರೋಗಿಗಳಿಗೆ ಸ್ವನಿರ್ವಹಣೆಯ ತರಗತಿ ನಡೆಸಿದಾಗ, ಕಲಿತ ವ್ಯಾಯಾಮಗಳಿಂದ ಮಾತ್ರವೇ ಸುಧಾರಣೆಯನ್ನು ವಿವರಿಸಲು ಸಾಧ್ಯವಾಗಲಿಲ್ಲ. ಹಾಗಾಗಿ ಅವರ ಗಮನ ನಂಬಿಕೆಯತ್ತ ಹೊರಳಿತು. ಅವರ 1993ರ ವರದಿಯ ಪ್ರಕಾರ ನಾಲ್ಕು ವರ್ಷಗಳ ನಂತರ ನೋವು ಸರಾಸರಿ ಶೇ. 20ರಷ್ಟು, ವೈದ್ಯರ ಭೇಟಿ ಶೇ. 40ರಷ್ಟು ಕಡಿಮೆಯಾಗಿದ್ದರೂ ದೈಹಿಕ ಅಸಾಮರ್ಥ್ಯ ಶೇ. 9ರಷ್ಟು ಹೆಚ್ಚಿತ್ತು. ರೋಗ ಮುಂದುವರಿದರೂ ನೋವಿನ ಹಿಡಿತ ಸಡಿಲವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಅಪರೂಪ. ಮೈಕೇಲ್ ನಿಕೋಲಸ್ ರೂಪಿಸಿದ ಹತ್ತು ಪ್ರಶ್ನೆಗಳ ಮಾಪಕವೂ ಇದೇ ದಾರಿಯದು: ನೋವಿದ್ದರೂ ಮನೆಗೆಲಸ ಮಾಡಬಲ್ಲಿರಾ, ಔಷಧವಿಲ್ಲದೆ ನಿಭಾಯಿಸಬಲ್ಲಿರಾ ಎಂಬಂಥ ಪ್ರಶ್ನೆಗಳಿಗೆ ರೋಗಿ ಸೊನ್ನೆಯಿಂದ ಆರರವರೆಗೆ ಅಂಕ ಕೊಡುತ್ತಾನೆ.

ಜೀವನ ಗುಣಮಟ್ಟದ ಅಳತೆ ಬೇರೆ ಹಾದಿಯಲ್ಲಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಸಂಕ್ಷಿಪ್ತ ಮಾಪಕವು ದೇಹ, ಮನಸ್ಸು, ಸಾಮಾಜಿಕ ಸಂಬಂಧ, ಪರಿಸರವೆಂಬ ನಾಲ್ಕು ವಲಯಗಳನ್ನು ಅಳೆಯುತ್ತದೆ. ಕರ್ನಾಟಕದಲ್ಲಿ ಇದನ್ನು ಬಳಸಿದ ಗಮನಾರ್ಹ ಪ್ರಯೋಗ ನಡೆದದ್ದು ಬೆಂಗಳೂರಿನ ಹೊರವಲಯದ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ. ಪದ್ಮಿನಿ ಟೇಕೂರ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಮೊದಲಾದವರು ದೀರ್ಘಕಾಲದ ಸೊಂಟನೋವಿನ 80 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಏಳು ದಿನ ಯೋಗವನ್ನೂ ಇನ್ನೊಂದಕ್ಕೆ ವ್ಯಾಯಾಮವನ್ನೂ ಕಲಿಸಿ, 2008 ಮತ್ತು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗದ ಗುಂಪಿನಲ್ಲಿ ಅಸಾಮರ್ಥ್ಯ ಹೆಚ್ಚು ತಗ್ಗಿತು, ಜೀವನ ಗುಣಮಟ್ಟ ಹೆಚ್ಚು ಏರಿತು. ಆದರೆ ಏಳು ದಿನ ಅಲ್ಪಾವಧಿಯೇ. ಮನೆಯ ಜಂಜಾಟದಿಂದ ದೂರವಿದ್ದ ಕುಟೀರದ ವಾಸವೂ ರೋಗಿಗೆ ಒಂದಿಷ್ಟು ನೆಮ್ಮದಿ ಕೊಟ್ಟಿರಲು ಸಾಕು.

ಈ ವರದಿಗಳ ಮುಖ್ಯ ಅಳತೆಗಳಲ್ಲಿ ಸ್ವಸಾಮರ್ಥ್ಯ ಸೇರಿರಲಿಲ್ಲವಾದ್ದರಿಂದ, ಫಲ ಬಂದದ್ದು ಆಸನಗಳಿಂದಲೋ ತನ್ನ ಸೊಂಟ ಬಾಗಬಲ್ಲುದೆಂಬ ಹೊಸ ಭರವಸೆಯಿಂದಲೋ ಎಂಬುದನ್ನು ಅವುಗಳಿಂದ ನಿರ್ಧರಿಸಲಾಗದು. ಅಸಾಮರ್ಥ್ಯವನ್ನು ಅಳೆದ ಆಸ್ವೆಸ್ಟ್ರಿ ಸೂಚ್ಯಂಕವಂತೂ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರೆಂದು ವಿಚಾರಿಸುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಲ್ಲಿ ಕುಳಿತು ಪಾತ್ರೆ ತಿಕ್ಕುವ, ಬಾಗಿ ಕಳೆ ಕೀಳುವ ಹೆಂಗಸಿಗೆ ಕೇಳಬೇಕಾದದ್ದು ಇವೇ ಕೆಲಸಗಳ ಬಗೆಗೆ.