ಹಕ್ಕಿಯ ಕಾಲುಂಗುರ

ಶರತ್ಕಾಲದಲ್ಲಿ ಖಂಜನಪಕ್ಷಿಯನ್ನು ಕಂಡು ಶುಭಾಶುಭಗಳನ್ನೆಣಿಸುವ ಪದ್ಧತಿಯು ನಮ್ಮಲ್ಲಿ ಪ್ರಾಚೀನವಾದುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನು ಬರೆದಿರುವನು. ಬಂದ ಹಕ್ಕಿಯ ಶಕುನವನ್ನು ನೋಡಬಹುದಾಗಿತ್ತಲ್ಲದೆ, ಅದು ಬಂದ ದಾರಿಯನ್ನರಿಯುವ ಸಾಧನವು ಅಂದು ಯಾರಲ್ಲಿಯೂ ಇರಲಿಲ್ಲ. ಗ್ರೀಸಿನ ಅರಿಸ್ಟಾಟಲನಂತಹ ಮೇಧಾವಿಯೂ ಚಳಿಗಾಲದಲ್ಲಿ ಒಂದು ಜಾತಿಯ ಹಕ್ಕಿಯು ಮತ್ತೊಂದಾಗಿ ಮಾರ್ಪಡುವುದೆಂದು ನಂಬಿದ್ದನು.

ಈ ಸಂದೇಹವನ್ನು ನೀಗುವ ಉಪಾಯವನ್ನು ರೂಢಿಗೆ ತಂದವನು ಒಬ್ಬ ಉಪಾಧ್ಯಾಯನೆಂಬುದು ನನ್ನಂಥವರಿಗೆ ಸಂತೋಷದ ಸಂಗತಿ. ಡೆನ್ಮಾರ್ಕಿನ ವಿಬೋರ್ಗ್ ಪಟ್ಟಣದ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಎಂಬಾತನು ಮೊದಲು ಸತುವಿನ ಉಂಗುರಗಳನ್ನು ಮಾಡಿ, ಅವು ಭಾರವೆಂದು ಕಂಡು ಬಿಟ್ಟನು. 1899ರಲ್ಲಿ ಹಗುರವಾದ ಅಲ್ಯೂಮಿನಿಯಂ ಉಂಗುರಗಳ ಮೇಲೆ ಅಂಕೆಯನ್ನೂ ಊರ ಹೆಸರನ್ನೂ ಕೊರೆದು, 165 ಕಬ್ಬಕ್ಕಿಗಳ ಕಾಲಿಗೆ ತೊಡಿಸಿ ಹಾರಬಿಟ್ಟನು.

1901ರಲ್ಲಿ ಯೊಹಾನೆಸ್ ಟೀನೆಮಾನ್ ಎಂಬ ಜರ್ಮನ್ ವಿದ್ವಾಂಸನು ಬಾಲ್ಟಿಕ್ ಸಮುದ್ರತೀರದ ರೊಸ್ಸಿಟೆನ್ ಗ್ರಾಮದಲ್ಲಿ ಪಕ್ಷಿವೀಕ್ಷಣಾಲಯವನ್ನು ಸ್ಥಾಪಿಸಿದನು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಸುಮಾರು 98 ಕಿಲೋಮೀಟರು ಉದ್ದದ ಮರಳಿನ ಪಟ್ಟಿ. ರೊಸ್ಸಿಟೆನ್ ಇರುವುದು ಇದರ ಮೇಲೆಯೇ. ವಿಶಾಲವಾದ ನೀರಿನ ಮೇಲೆ ಹಾರಲು ಹಿಂಜರಿಯುವ ಪುಟ್ಟ ಹಾಡುಹಕ್ಕಿಗಳು ಉತ್ತರದ ಚಳಿಗೆ ಮುಂಚೆ ಈ ಸೇತುವೆಯನ್ನೇ ಹಿಡಿದು ನೈಋತ್ಯಕ್ಕೆ ಸಾಗುವುವು. 1903ರಲ್ಲಿ ಅಲ್ಲಿ ಉಂಗುರ ತೊಡಿಸುವ ಕಾರ್ಯವು ಆರಂಭವಾಯಿತು.

ಎರಡನೆಯ ಮಹಾಯುದ್ಧದ ಕೊನೆಗೆ ಆ ಸಂಸ್ಥೆಯು ಅಲ್ಲಿ ಮುಚ್ಚಿಹೋಯಿತು. ಸೀಮೆಯು ರಷ್ಯರ ವಶವಾಗಿ, ರೊಸ್ಸಿಟೆನ್ ಎಂಬುದು ರಿಬಾಚಿ ಆಯಿತು. ಉಂಗುರ ತೊಟ್ಟ ಹಕ್ಕಿಗಳು ಇನ್ನೂ ಹಾರುತ್ತಿದ್ದವು. ಉಂಗುರದ ಮೇಲಿನ ಊರಿಗೆ ಆ ಹೆಸರೇ ಉಳಿಯಲಿಲ್ಲ! ಜರ್ಮನರು 1946ರಲ್ಲಿ ದಕ್ಷಿಣದ ರಾಡೊಲ್ಫ್‌ತ್ಸೆಲ್ ಬಳಿ ಕೆಲಸವನ್ನು ಮುಂದುವರಿಸಿದರು. ಹಳೆಯ ಸ್ಥಳದಲ್ಲಿಯೇ 1956ರಲ್ಲಿ ಲೆವ್ ಬೆಲೊಪೊಲ್ಸ್ಕಿ ಎಂಬ ರಷ್ಯನು ಹೊಸ ನಿಲಯವನ್ನು ತೆರೆದನು. ಹಕ್ಕಿ ಬರುವ ದಿಕ್ಕಿಗೆ ಬಾಯ್ದೆರೆದು, ಒಳಗೊಳಗೆ ಕಿರಿದಾಗುತ್ತ ಹೋಗುವ ಭಾರಿ ಬಲೆಗಳು ಅಲ್ಲಿ ಎದ್ದವು. ಸಿಕ್ಕಿದ ಹಕ್ಕಿಯನ್ನು ತೂಗಿ, ರೆಕ್ಕೆಯನ್ನಳೆದು, ಉಂಗುರವಿಟ್ಟು ಬಿಟ್ಟುಬಿಡುವರು. ಆಳುವವರು ಬದಲಾದರೂ ಹಕ್ಕಿಯ ದಾರಿಯು ಬದಲಾಗಲಿಲ್ಲ. ವೈರಿಗಳಾಗಿದ್ದವರ ವಿದ್ಯೆಯೂ ಒಂದೇ ಆಗಿ ಉಳಿಯಿತು.

ಉಂಗುರ ತೊಟ್ಟ ಸಣ್ಣ ಹಕ್ಕಿಗಳಲ್ಲಿ ನೂರಕ್ಕೆ ಒಂದರ ಸುದ್ದಿಯೂ ಮರಳಿ ಬರುವುದು ದುರ್ಲಭ. ಆ ಒಂದು ಸುದ್ದಿಯೂ ಯಾವನೋ ಅಪರಿಚಿತನು ಸತ್ತ ಹಕ್ಕಿಯ ಕಾಲನ್ನು ನೋಡಿ, ಅಂಕೆಯನ್ನು ಬರೆದು ಕಳುಹಿಸಿದರೆ ಮಾತ್ರ ಬರತಕ್ಕದ್ದು. ಆದುದರಿಂದ ವಾಚಕಮಹಾಶಯರು ತಮ್ಮ ಹಿತ್ತಲಿನಲ್ಲಿ ಅಂತಹ ಹಕ್ಕಿಯನ್ನು ಕಂಡಲ್ಲಿ ಶಕುನವನ್ನು ಆಮೇಲೆ ನೋಡಬಹುದು; ಮೊದಲು ಅಂಕೆಯನ್ನು ಓದಿಕೊಳ್ಳಬೇಕೆಂದು ಪ್ರಾರ್ಥನೆ.